ಏಳು ಅಂಚಿನ ಮೇಜು

ಏಳನ್ನು ಎರಡರಿಂದ ಭಾಗಿಸಿ ನೋಡಿ, ಒಂದು ಉಳಿಯುತ್ತದೆ. ಮೂರರಿಂದ ಭಾಗಿಸಿ, ಒಂದು ಉಳಿಯುತ್ತದೆ. ಆರರಿಂದ ಭಾಗಿಸಿ, ಆಗಲೂ ಒಂದು ಉಳಿಯುತ್ತದೆ. ನಮ್ಮ ಮನೆಯಲ್ಲಿ ಹಾಗೆ ಉಳಿಯುವ ಒಂದು ನಾನು.

ನನಗಿಂತ ದೊಡ್ಡವರು ಆರು ಜನ. ಆಟಕ್ಕೆ ಎರಡು ಪಂಗಡ ಮಾಡಿದರೆ ಅತ್ತ ಮೂವರು, ಇತ್ತ ಮೂವರು, ನಾನು ಅಂಪೈರ್. ಬಾಡಿಗೆ ಗಾಡಿಯಲ್ಲಿ ಸಾಲಿಗೆ ಮೂವರಂತೆ ಕೂತರೆ ನಾನು ಯಾರದಾದರೂ ತೊಡೆಯ ಮೇಲೆ. ಅಂಗಡಿಯಲ್ಲಿ ಲೋಟ ಸಿಗುವುದು ಆರರ ಸೆಟ್ಟಿನಲ್ಲಿ, ಆದ್ದರಿಂದ ನನಗೆ ಹಳೆಯ ಸೆಟ್ಟಿನ ಬಾಯಿ ಒಡೆದ ಲೋಟ. ಅಪ್ಪ ನನ್ನನ್ನು ಕರೆಯುತ್ತಿದ್ದದ್ದೇ ಕೊಸರು ಎಂದು. ಆರು ಕಿಲೋ ಕೊಂಡರೆ ಅಂಗಡಿಯವನು ಮೇಲೊಂದು ಹಿಡಿ ಹಾಕುತ್ತಾನಲ್ಲ, ಆ ಕೊಸರು. ಪ್ರೀತಿಯಿಂದಲೇ ಕರೆಯುತ್ತಿದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಕೊಸರಿಗೆಂದು ಯಾರೂ ಬೇರೆ ಚೀಲ ತರುವುದಿಲ್ಲ. ನಾನು ಗಣಿತದ ಟೀಚರಾದದ್ದು ಈ ಸಿಟ್ಟಿಗೇ ಇರಬೇಕು.

ಎಲ್ಲಕ್ಕಿಂತ ಹೆಚ್ಚು ಸಿಟ್ಟು ನನಗೆ ಊಟದ ಮೇಜಿನ ಮೇಲೆ. ಉದ್ದದ ಮೇಜು; ಎರಡು ಬದಿಗೆ ಮೂರು ಮೂರು ಕುರ್ಚಿ, ಒಂದು ತುದಿಯಲ್ಲಿ ಅಪ್ಪ. ಇನ್ನೊಂದು ತುದಿ ಗೋಡೆಗೆ ಅಂಟಿಕೊಂಡಿತ್ತು, ಕೋಣೆ ಅಷ್ಟೇ ಇದ್ದದ್ದು. ಅಮ್ಮ ಬಡಿಸುತ್ತಾ ಬಂದಾಗ ಆರು ತಟ್ಟೆ ಎದುರಾಗುತ್ತಿದ್ದವು, ನನ್ನದನ್ನು ಹುಡುಕಬೇಕಾಗುತ್ತಿತ್ತು. ನಾನಿರುತ್ತಿದ್ದದ್ದು ಅಪ್ಪನ ಪಕ್ಕದ ಮೂಲೆಯಲ್ಲಿ, ಸ್ಟೂಲಿನ ಮೇಲೆ, ಮೇಜಿನ ಕಾಲನ್ನು ನನ್ನ ಎರಡು ಮಂಡಿಗಳ ನಡುವೆ ಇಟ್ಟುಕೊಂಡು. ಮದುವೆಯಾಗದೆ ಅದೇ ಮನೆಯಲ್ಲಿ ನಲವತ್ತಾರು ವರ್ಷ ಕಳೆದೆ. ನನಗೆ ಬೇಕಾಗಿದ್ದದ್ದು ಆಸ್ತಿಯಲ್ಲ, ಒಡವೆಯಲ್ಲ. ಊಟಕ್ಕೆ ಕೂತಾಗ ನನ್ನ ಎದುರಿಗೆ ನೇರವಾದ ಒಂದು ಅಂಚು, ನನ್ನದೇ ಅಂಚು.

ಅಪ್ಪ ತೀರಿಕೊಂಡ ಮೇಲೆ ಎಲ್ಲರೂ ಒಟ್ಟಿಗೆ ಕೂತ ಮೊದಲನೇ ಊಟದಲ್ಲಿ ದೊಡ್ಡಣ್ಣ ಸೀದಾ ಹೋಗಿ ಅಪ್ಪನ ಕುರ್ಚಿಯಲ್ಲಿ ಕೂತ. ಅವನು ನಿವೃತ್ತ ಸರ್ವೇಯರ್. ಊರವರ ಜಮೀನಿನ ಗಡಿ ಗುರುತಿಸಿ ಗುರುತಿಸಿ, ಎಲ್ಲಿ ಕೂತರೂ ಅದು ತನ್ನ ಹದ್ದು ಅಂದುಕೊಳ್ಳುವ ಮನುಷ್ಯ. ದೊಡ್ಡಕ್ಕ ಬಿಡುತ್ತಾಳೆಯೇ? ಆಸ್ಪತ್ರೆಯ ಹಿರಿಯ ನರ್ಸ್ ಆಗಿ ಡಾಕ್ಟರುಗಳನ್ನೇ ನಡುಗಿಸಿದವಳು.

"ಏಳೋ ಮೇಲೆ. ನೀನು ಹುಟ್ಟೋಕೆ ಎರಡು ವರ್ಷ ಮುಂಚೆಯಿಂದ ನಾನು ಈ ಮನೇಲಿ ಊಟ ಮಾಡ್ತಿದ್ದೀನಿ" ಅಂದಳು.

"ಗಂಡುಮಗ ನಾನು" ಅಂದ ಅವನು.

"ಅದೊಂದು ಅರ್ಹತೇನಾ?" ಅಂದಳು ಅವಳು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಡುವಿನವರು ಪಂಗಡ ಕಟ್ಟಿದರು. ಏಳು ಬೆಸಸಂಖ್ಯೆಯಾದ್ದರಿಂದ ಸಮಪಾಲು ಆಗಲೇ ಇಲ್ಲ. ನನ್ನನ್ನು ಯಾರು ಎಳೆದುಕೊಳ್ಳುತ್ತಾರೋ ಅವರು ನಾಲ್ಕು, ಉಳಿದವರು ಮೂರು. ನಾನು ಒಂದು ಸಲ ಅತ್ತ ಹೋದೆ, ಒಂದು ಸಲ ಇತ್ತ ಬಂದೆ, ಕೊನೆಗೆ ಎರಡೂ ಕಡೆಯಿಂದ ಬೈಸಿಕೊಂಡೆ. ಅಂದಿನಿಂದ ಮೂರು ವರ್ಷ ನಾವು ಏಳು ಜನ ಒಂದು ಮೇಜಿಗೆ ಕೂರಲಿಲ್ಲ.

ಅಮ್ಮ ಅತ್ತು ಕರೆದು ಮಾಡಲಿಲ್ಲ, ವಾರವನ್ನು ಹಂಚಿದಳು. ಭಾನುವಾರ ದೊಡ್ಡಕ್ಕನ ಫೋನು, ಸೋಮವಾರ ದೊಡ್ಡಣ್ಣನದು, ಹೀಗೆ. "ವಾರಕ್ಕೆ ಏಳು ದಿನ ಮಾಡಿದೋರು ನನ್ನ ಕೇಳೇ ಮಾಡಿರಬೇಕು" ಅನ್ನುತ್ತಿದ್ದಳು. ಶನಿವಾರ ನನ್ನ ದಿನ. ಒಂದೇ ಮನೆಯಲ್ಲಿದ್ದರೂ ಶನಿವಾರ ಸಂಜೆ ನನ್ನನ್ನು ಎದುರಿಗೆ ಕೂರಿಸಿಕೊಂಡು, "ಹೇಗಿದ್ದೀಯಮ್ಮಾ? ಆರೋಗ್ಯ ಚೆನ್ನಾಗಿದೆಯಾ?" ಎಂದು ಕೇಳುತ್ತಿದ್ದಳು. ನಾನೂ ದೂರದ ಊರಿನಿಂದ ಮಾತಾಡುವವಳಂತೆ, "ಚೆನ್ನಾಗಿದ್ದೀನಮ್ಮ, ನೀನು ಹೇಗಿದ್ದೀಯ?" ಅನ್ನುತ್ತಿದ್ದೆ. ಏಳರ ಮೇಲೆ ಅವಳಿಗೆ ಅಷ್ಟು ನಂಬಿಕೆ. ಸ್ವರ ಏಳು, ಮಳೆಬಿಲ್ಲಿನ ಬಣ್ಣ ಏಳು, ಕಥೆಯ ರಾಜಕುಮಾರಿಯನ್ನು ರಾಕ್ಷಸ ಬಚ್ಚಿಡುವುದೂ ಏಳು ಸಮುದ್ರದಾಚೆ. ಎಂಟನೇ ಸಮುದ್ರ ದಾಟಿದವರ ಕಥೆ ಇದ್ದರೆ ಹೇಳು ನೋಡೋಣ ಎಂದು ನನಗೇ ಸವಾಲು ಹಾಕುತ್ತಿದ್ದಳು.

ಒಂದು ಶನಿವಾರ ಕುಶಲ ಮುಗಿದ ಮೇಲೆ ಅಂದಳು: "ಈ ಮೇಜು ಮಾರಿಬಿಡೋಣ. ತುದಿಯೇ ಇಲ್ಲದ ಮೇಜು ಮಾಡಿಸ್ತೀನಿ. ಏಳು ಅಂಚು, ಏಳೂ ಒಂದೇ ಅಳತೆ. ನಾನು ಹೆತ್ತೋರು ಮಾತ್ರ ಕೂರಬೇಕು. ಅಳಿಯಂದ್ರು, ಸೊಸೇರು, ಮೊಮ್ಮಕ್ಕಳಿಗೆ ಅವರವರ ಮನೇಲಿ ಮೇಜಿದೆ."

ಏಳು ಅಂಚು ಅಂದರೆ ಒಂದು ನನ್ನದು. ಆದರೂ ಕಲಿಸುವವರ ಚಾಳಿ, ಬಾಯಿ ಸುಮ್ಮನಿರಲಿಲ್ಲ. "ದುಂಡಗೆ ಮಾಡಿಸಬಹುದಲ್ಲಮ್ಮ?"

"ದುಂಡಗಿದ್ರೆ ಗಡಿ ಎಲ್ಲಿ? ನಿನ್ನ ಮೊಳಕೈ ಅಣ್ಣ ಅರ್ಧ ಮೇಜು ತಾನೇ ಹರಡ್ಕೋತಾನೆ."

ಮೊಳಕೈ ಅಣ್ಣ ಅಂದರೆ ಮೂರನೆಯವನು. ಊಟ ಮಾಡುವಾಗ ಈಜುವವನಂತೆ ಎರಡೂ ಮೊಳಕೈ ಬೀಸುತ್ತಾನೆ. ಅವಳ ಮಾತು ನಿಜವೇ. ಆದರೆ ಏಳು ಅಂಚಿನಲ್ಲಿ ಒಂದು ತೊಡಕಿದೆ. ಮೂರು, ನಾಲ್ಕು, ಐದು, ಆರು ಸಮ ಅಂಚಿನ ಆಕೃತಿಗಳನ್ನು ಬರೀ ಕೈವಾರ ಮತ್ತು ಪಟ್ಟಿ ಹಿಡಿದು ಕರಾರುವಾಕ್ಕಾಗಿ ಬರೆಯಬಹುದು. ಎಂಟೂ ಆಗುತ್ತದೆ, ಹತ್ತೂ ಆಗುತ್ತದೆ. ಏಳು ಆಗುವುದಿಲ್ಲ. ಕಷ್ಟ ಎಂದಲ್ಲ, ಎಂದಿಗೂ ಆಗುವುದಿಲ್ಲ ಎಂದು ಸಾಬೀತಾಗಿ ಎಷ್ಟೋ ಕಾಲವಾಗಿದೆ. ಸುತ್ತಿನ ಮುನ್ನೂರ ಅರವತ್ತು ಡಿಗ್ರಿಯನ್ನು ಒಂದರಿಂದ ಹತ್ತರವರೆಗಿನ ಎಲ್ಲ ಸಂಖ್ಯೆಗಳೂ ಶೇಷವಿಲ್ಲದೆ ಭಾಗಿಸುತ್ತವೆ, ಏಳೊಂದನ್ನು ಬಿಟ್ಟು. ಏಳು ಭಾಗ ಮಾಡಿದರೆ ಐವತ್ತೊಂದು ಬಂದು, ಬಿಂದುವಿನ ಮುಂದೆ ಆರು ಅಂಕಿಗಳು ಅದೇ ಸಾಲಿನಲ್ಲಿ ಮತ್ತೆ ಮತ್ತೆ ಸುತ್ತುತ್ತವೆ, ಕೊನೆಯೇ ಇಲ್ಲ. ನಮ್ಮ ಮನೆಯ ಆರು ಜನರ ಜಗಳದ ಹಾಗೆ.

ಇದನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳಿದೆ.

"ಏಳು ಹೆತ್ತಿದ್ದೀನಿ ನಾನು. ಆಗಲ್ಲ ಅಂತ ಆಗ ಯಾರೂ ಹೇಳಲಿಲ್ಲ" ಅಂದಳು.

"ಎಂಟು ಅಂಚು ಮಾಡಿಸೋಣ. ಬಹಳ ಸುಲಭ. ಒಂದು ಖಾಲಿ ಬಿಟ್ಟರಾಯ್ತು."

"ಖಾಲಿ ಯಾಕೆ ಬಿಡಬೇಕು? ಖಾಲಿ ಬಿಟ್ರೆ ಅಲ್ಲಿ ಯಾರು ಕೂರೋದು ಅಂತ ಇನ್ನೊಂದು ಮೂರು ವರ್ಷ ಕಿತ್ತಾಡ್ತೀರ. ಏಳು ಅಂದ್ರೆ ಏಳು."

ಏಳು ಅವಿಭಾಜ್ಯ ಸಂಖ್ಯೆ. ಒಂದಕ್ಕೆ ಮತ್ತು ತನಗೆ ತಾನು ಬಿಟ್ಟರೆ ಬೇರೆ ಯಾರಿಗೂ ಬಗ್ಗುವುದಿಲ್ಲ. ನಮ್ಮಮ್ಮನೂ ಅಷ್ಟೇ.

ಬಡಗಿ ಮೇಸ್ತ್ರಿಯ ಕೆಲಸದ ಶೆಡ್ಡು ನಮ್ಮ ಶಾಲೆಯ ಹಿಂದಿನ ಬೀದಿಯಲ್ಲಿದೆ. ಅರ್ಧ ಮಾಡಿದ ಬಾಗಿಲುಗಳು ಗೋಡೆಗೆ ಒರಗಿ ನಿಂತಿದ್ದವು, ಮರದ ಹೊಟ್ಟು ಪಾದ ಮುಳುಗುವಷ್ಟಿತ್ತು, ಫ್ಯಾನು ಅದನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಾಗಿಸುತ್ತಿತ್ತು. ಮೇಸ್ತ್ರಿ ಏಳು ಕೆರೆ ನೀರು ಕುಡಿದವನು. ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಂಡು ನನ್ನ ಮಾತನ್ನು ಪೂರ್ತಿ ಕೇಳಿದ, ಸಣ್ಣ ಮಕ್ಕಳ ಸುಳ್ಳು ಕೇಳುವವನ ಹಾಗೆ.

"ಟೀಚರಮ್ಮ, ಆರು ಅಂಚಿಂದು ಮಾಡಿದ್ದೀನಿ. ಎಂಟಂಚಿಂದು ಮಾಡಿದ್ದೀನಿ. ಮಧ್ಯ ಇರೋ ಏಳು ಎಲ್ಲಿಗೆ ಓಡಿಹೋಗುತ್ತೆ?"

"ಓಡಿಹೋಗಲ್ಲ ಮೇಸ್ತ್ರಿ. ಆದ್ರೆ ಕೈಗೆ ಸಿಗಲ್ಲ."

"ನಿಮ್ಮ ಕೈಗೆ ಸಿಗದೇ ಇರಬಹುದು" ಎಂದು ಒಂದು ರಟ್ಟು ಎಳೆದುಕೊಂಡ. ಕೈವಾರದಲ್ಲಿ ವೃತ್ತ ಎಳೆದು, ಅದೇ ಅಗಲದಲ್ಲಿ ಕೈವಾರವನ್ನು ಅಂಚಿನ ಮೇಲೆ ನಡೆಸಿದ. ಆರು ಹೆಜ್ಜೆಗೆ ಹೊರಟಲ್ಲಿಗೇ ಬಂತು. ಒಂದು ಗುರುತು ಬಿಟ್ಟು ಒಂದನ್ನು ಸೇರಿಸಿ ತ್ರಿಕೋನ ಮಾಡಿದ. ತ್ರಿಕೋನದ ಒಂದು ಬದಿಯ ಅರ್ಧಕ್ಕೆ ಕೈವಾರ ಹೊಂದಿಸಿ, "ಇದು ನಮ್ಮ ಗುರುಗಳ ಗುಟ್ಟು. ಇದೇ ಏಳರ ಅಳತೆ" ಅಂದ. ಮತ್ತೆ ನಡೆಸಿದ. ಏಳನೇ ಹೆಜ್ಜೆ ಹೊರಟ ಜಾಗಕ್ಕಿಂತ ಅಕ್ಕಿಕಾಳಿನ ದಪ್ಪದಷ್ಟು ಹಿಂದೆಯೇ ನಿಂತಿತು.

"ಪೆನ್ಸಿಲ್ ಮೊಂಡು" ಅಂದ. ಚೂಪು ಮಾಡಿದ. ಮತ್ತೆ ಅಷ್ಟೇ ಸಂದು. "ರಟ್ಟು ತೇವಕ್ಕೆ ಉಬ್ಬಿದೆ" ಅಂದ. ಇನ್ನೊಂದು ರಟ್ಟು ತಂದ. "ಫ್ಯಾನ್ ಗಾಳಿಗೆ ಕೈ ಅಲ್ಲಾಡುತ್ತೆ" ಎಂದು ಫ್ಯಾನ್ ಆರಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಬ್ಬರೂ ಬೆವರಿದೆವು, ಸಂದು ಮಾತ್ರ ಅಲ್ಲೇ ಇತ್ತು.

"ಗುರುಗಳ ಅಳತೆ ಏಳಕ್ಕೆ ಬಹಳ ಹತ್ತಿರ ಮೇಸ್ತ್ರಿ, ಆದ್ರೆ ಏಳಲ್ಲ. ರಟ್ಟಿನ ಮೇಲೆ ಅಕ್ಕಿಕಾಳು, ಮೇಜಿನ ಮೇಲೆ ಅರ್ಧ ಬೆರಳಾಗುತ್ತೆ. ಕೈವಾರವನ್ನ ಕೂದಲೆಳೆಯಷ್ಟು ಅಗಲ ಮಾಡಿ, ಅಂದಾಜಿನ ಮೇಲೆ ಹೊಂದಿಸಿಕೊಳ್ಳಿ."

ಆ ಮಾತು ಆಡಬಾರದಿತ್ತು. ಅವನ ಮುಖ ಕಪ್ಪಿಟ್ಟಿತು. "ಅಂದಾಜಾ? ನಲವತ್ತು ವರ್ಷದಲ್ಲಿ ಅಂದಾಜಿನ ಮೇಲೆ ಒಂದು ಮಣೆ ಕೂಡ ಮಾಡಿಲ್ಲ ನಾನು. ನೀವು ಹೋಗಿ ಮಕ್ಕಳಿಗೆ ಪಾಠ ಹೇಳಿ."

ನಾನು ಇನ್ನೂ ನಾಲ್ಕು ಮಾತು ವಾದಿಸಬಹುದಿತ್ತು. ವಾದಿಸಿದರೆ ಮುನಿಸಿಕೊಂಡು ಕೆಲಸ ಬೇಡ ಅಂದುಬಿಟ್ಟಾನು ಎಂಬ ಭಯ. ಸಮವೋ ಅಸಮವೋ, ನನಗೊಂದು ಅಂಚು ಬರುತ್ತದಲ್ಲ. ಗಣಿತಕ್ಕೆ ದ್ರೋಹ ಬಗೆದು ಮನೆಗೆ ಬಂದೆ.

ತಿಂಗಳ ಮೇಲೆ ಒಂದು ಭಾನುವಾರ ಮೇಜು ಬಂತು. ಹಳೆಯ ಮೇಜನ್ನು ಅದಾಗಲೇ ಸಾಗಹಾಕಿದ್ದೆವು, ಕೋಣೆಯ ನಡುವಿನ ಗೋಡೆ ಒಡೆಸಿ ಜಾಗ ಮಾಡಿಸಿದ್ದೆವು. ನಡುವೆ ಒಂದೇ ದಪ್ಪ ಕಂಬದಂಥ ಕಾಲು. ಯಾರ ಮಂಡಿಗೂ ತೊಂದರೆಯಿಲ್ಲ. ಸುತ್ತಲೂ ಏಳು ಕುರ್ಚಿ, ಎಲ್ಲವೂ ಒಂದೇ ಎತ್ತರ. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಹೊಗಳಿಸಿಕೊಳ್ಳಲು ಬಾಗಿಲ ಬಳಿ ನಿಂತ.

ಆರೂ ಜನ ಬಂದರು. ಅಮ್ಮ ಹೇಳಿಕಳಿಸಿದ ಮೇಲೆ ಬರದಿರುವ ಧೈರ್ಯ ಯಾರಿಗಿದೆ? ಮೂರು ವರ್ಷದ ಮೇಲೆ ಎದುರುಬದುರಾದವರು ಮಾತಾಡುವುದು ಹೇಗೆಂದು ತಿಳಿಯದೆ ಮೇಜನ್ನೇ ಸವರುತ್ತಾ ನಿಂತರು. ದೊಡ್ಡಕ್ಕ, "ಒಳ್ಳೇ ಮರ" ಅಂದಳು. ದೊಡ್ಡಣ್ಣ, "ಹೂಂ, ಒಳ್ಳೇ ಮರ" ಅಂದ. ಇದೇ ಮೂರು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲನೇ ಮಾತು. ಅಷ್ಟಕ್ಕೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಟೇಪು ಹೊರಗೆ ಬಂತು.

ಒಂದೊಂದೇ ಅಂಚು ಅಳೆದ. ಆರನೆಯದರವರೆಗೂ ತಲೆಯಾಡಿಸಿದ. ಏಳನೆಯದಕ್ಕೆ ಬಂದು ಕನ್ನಡಕ ಒರೆಸಿಕೊಂಡು, ಮಂಡಿಯೂರಿ, ಮತ್ತೆ ಅಳೆದ.

"ಇದು ಉದ್ದ ಇದೆ. ಏಳು ಮಿಲಿಮೀಟರು, ಚಿಲ್ಲರೆ."

ಎಲ್ಲರೂ ಮೇಸ್ತ್ರಿಯ ಕಡೆ ತಿರುಗಿದರು. ಮೇಸ್ತ್ರಿ ನನ್ನ ಕಡೆ ತಿರುಗಿದ. ಜೀವನದಲ್ಲಿ ಮೊದಲ ಸಲ ಆ ಮನೆಯಲ್ಲಿ ಎಲ್ಲರೂ ನನ್ನ ಮಾತಿಗೆ ಕಾಯುತ್ತಿದ್ದರು. ನಾನು ಆ ಉದ್ದದ ಅಂಚಿನ ಬಳಿ ನಿಂತು, ಬೆರಳಿಟ್ಟು ತೋರಿಸಿ ವಿವರಿಸಿದೆ: ತಪ್ಪು ಮೇಸ್ತ್ರಿಯದಲ್ಲ, ಏಳರ ಸ್ವಭಾವವೇ ಹಾಗೆ, ಆರು ಹೆಜ್ಜೆಯಲ್ಲಿ ಸ್ವಲ್ಪ ಸ್ವಲ್ಪ ಉಳಿದದ್ದೆಲ್ಲ ಕೊನೆಯದರ ಪಾಲಿಗೆ ಬಿದ್ದಿದೆ. ಮೇಸ್ತ್ರಿ, "ಅದೇ ನಾನೂ ಮೊದಲೇ ಹೇಳಿದ್ದು" ಅಂದ. ಅವನ ಧೈರ್ಯಕ್ಕೆ ನಾನು ದಂಗಾದೆ.

ವಿವರಣೆ ಯಾರಿಗೆ ಬೇಕಿತ್ತು? ಏಳು ಮಿಲಿಮೀಟರು ಯಾರಿಗೆ ಎಂಬುದೇ ಅವರ ಪ್ರಶ್ನೆ.

"ನಾನು ಎಲ್ಲರಿಗಿಂತ ದೊಡ್ಡೋಳು" ಅಂದಳು ದೊಡ್ಡಕ್ಕ.

"ಕಂಡುಹಿಡಿದೋನು ನಾನು" ಅಂದ ದೊಡ್ಡಣ್ಣ.

"ನನ್ನ ಮೊಳಕೈ ನೋಡಿ, ನಿಮಗೇ ಗೊತ್ತಾಗುತ್ತೆ" ಎಂದು ಮೊಳಕೈ ಅಣ್ಣ ಎರಡನ್ನೂ ಬಿಚ್ಚಿ ತೋರಿಸಿದ. ಪಕ್ಕದವಳ ಕಿವಿಯೋಲೆ ಹಾರಿ ಬಿತ್ತು.

ಉಳಿದ ಮೂವರಲ್ಲಿ ಒಬ್ಬಳು ಎಡಚಿ, ಒಬ್ಬನಿಗೆ ಸೊಂಟನೋವು, ಇನ್ನೊಬ್ಬಳು ಕಾರಣ ಹೊಳೆಯದೆ "ನನಗೆ ಯಾವತ್ತಾದ್ರೂ ಏನಾದ್ರೂ ಸಿಕ್ಕಿದೆಯಾ?" ಎಂದು ಕಣ್ಣು ಒದ್ದೆ ಮಾಡಿಕೊಂಡಳು. ಒಂದು ಕಡಲೆಕಾಳಿನ ಅಗಲದ ಮರಕ್ಕಾಗಿ ಐವತ್ತು, ಅರವತ್ತು ದಾಟಿದವರು ಹೀಗೆ ಕಿರುಚಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಕೊನೆಗೆ ದೊಡ್ಡಕ್ಕ, ಏಳು ಜನ ಇದ್ದೀವಿ, ಬೆಸಸಂಖ್ಯೆ, ಕೈ ಎತ್ತಿ ತೀರ್ಮಾನ ಮಾಡೋಣ ಅಂದಳು. ಆರು ಜನರೂ ತಮಗೆ ತಾವೇ ಕೈ ಎತ್ತಿಕೊಂಡರು. ಆಮೇಲೆ ಆರು ತಲೆಗಳೂ ನನ್ನ ಕಡೆ ಹೊರಳಿದವು.

"ಕೊಸರೇ, ನಿಂದು ಯಾರ ಕಡೆ?"

ಇಷ್ಟು ವರ್ಷ ಈ ಪ್ರಶ್ನೆಗೆ ನಾನು ಅತ್ತಿತ್ತ ನೋಡುತ್ತಿದ್ದೆ. ಅಂದು ನೋಡಲಿಲ್ಲ. "ನನ್ನ ಕಡೆ" ಎಂದು ಕೈ ಎತ್ತಿದೆ. ಏಳು ಜನಕ್ಕೆ ಏಳು ಓಟು. ಬೆಸಸಂಖ್ಯೆ ಉಪಯೋಗಕ್ಕೆ ಬರುವುದು ಪಂಗಡ ಎರಡಿದ್ದಾಗ ಮಾತ್ರ.

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಅನ್ನದ ಪಾತ್ರೆ ಹಿಡಿದು ಬಂದಳು. "ಸಾಕು ಮಾಡಿ! ನಿಂತವರು ನಿಂತಲ್ಲೇ ಕೂತ್ಕೊಳ್ಳಿ. ಆರಿಹೋಗುತ್ತೆ."

ಎಲ್ಲರೂ ಧಪಧಪನೆ ಕೂತರು. ನಾನು ನಿಂತಿದ್ದದ್ದು ಉದ್ದದ ಅಂಚಿನ ಬಳಿ, ಅಲ್ಲೇ ಕೂತೆ. ಆರು ಜೋಡಿ ಕಣ್ಣು ನನ್ನನ್ನು ಸುಟ್ಟವು, ಸುಡಲಿ. ತಟ್ಟೆಯನ್ನು ನೇರ ಎದುರಿಗೆ ಇಟ್ಟುಕೊಂಡೆ. ಮಂಡಿಗಳನ್ನು ಅಗಲಿಸಿದೆ, ಜೋಡಿಸಿದೆ, ಮತ್ತೆ ಅಗಲಿಸಿದೆ. ಯಾವ ಕಾಲೂ ಅಡ್ಡ ಬರಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಅಳು ಬಂತು. ಅಷ್ಟು ಸುಖವಾಯಿತು.

ಅಮ್ಮ ಸುತ್ತ ಬಂದು ಬಡಿಸಿದಳು. ಅನ್ನ, ಬೇಳೆ, ಆಲೂಗಡ್ಡೆ. ಒಂದೊಂದು ತಟ್ಟೆಯ ಬಳಿಯೂ ನಿಂತು ಅವರವರ ಮುಖ ನೋಡಿ, ತೃಪ್ತಿಯಿಂದ ಮುಂದಿನದಕ್ಕೆ ಹೋದಳು. ಎರಡು ತುತ್ತು ಒಳಗೆ ಹೋದ ಮೇಲೆ ಎಲ್ಲರ ಮುಖ ಸಡಿಲವಾಯಿತು. ಯಾರೋ ಏನೋ ಅಂದರು, ಯಾರೋ ನಕ್ಕರು. ದೊಡ್ಡಕ್ಕ ದೊಡ್ಡಣ್ಣನ ಕಡೆಗೆ ಉಪ್ಪಿನ ಬಟ್ಟಲು ತಳ್ಳಿದಳು.

ಬಾಯಿ ತುಂಬ ಅನ್ನ ಇಟ್ಟುಕೊಂಡೇ ಮೊಳಕೈ ಅಣ್ಣ ಅಂದ, "ಅಮ್ಮಾ, ನೀನೂ ಕೂತ್ಕೋ ಬಾ."

ಅಮ್ಮ ಕೂರಲು ತಿರುಗಿದಳು. ಎಲ್ಲಿ ಕೂರುವುದು? ನಾವೂ ನೋಡಿದೆವು. ಏಳು ಅಂಚು, ಏಳು ಕುರ್ಚಿ, ಏಳೂ ಭರ್ತಿ.

ಬಾಗಿಲ ಬಳಿಯಿಂದ ಮೇಸ್ತ್ರಿ ಬೆರಳು ಚಾಚಿ ನಮ್ಮನ್ನು ಎಣಿಸಿದ, ಆಮೇಲೆ ಅಮ್ಮನನ್ನೂ ಸೇರಿಸಿ ಎಣಿಸಿದ. "ಅಮ್ಮೋರೇ," ಅಂದ, ಧ್ವನಿಯಲ್ಲಿ ಸಂಕಟವಿತ್ತು, "ಎಂಟು ಅಂದಿದ್ರೆ ಕಣ್ಣು ಮುಚ್ಕೊಂಡು ಮಾಡಿಕೊಡ್ತಿದ್ನಲ್ಲ!"

ಅಮ್ಮನಿಗೆ ಅದು ಅರ್ಥವೇ ಆಗಲಿಲ್ಲ. ಅನ್ನದ ಪಾತ್ರೆಯನ್ನು ಸೊಂಟಕ್ಕೆ ಆನಿಸಿ, ನಮ್ಮನ್ನು ಹಿರಿಯವಳಿಂದ ಕಿರಿಯವಳವರೆಗೆ ಬೆರಳು ಮಡಿಚಿ ಎಣಿಸಿದಳು. "ಏಳು. ಸರಿಯಾಗೇ ಇದೆಯಲ್ಲ?"

ದೊಡ್ಡಣ್ಣ ಗಡಿ ತಪ್ಪದ ಸರ್ವೇಯರ್, ಟೇಪಿನ ತುದಿ ಇನ್ನೂ ಅವನ ಜೇಬಿನಿಂದ ಇಣುಕುತ್ತಿತ್ತು. ದೊಡ್ಡಕ್ಕ ದಿನಕ್ಕೆ ಎರಡು ಸಲ ರೋಗಿಗಳನ್ನು ಎಣಿಸಿದವಳು. ನಾನು ಗಣಿತದ ಟೀಚರ್. ಏಳು ಯಾಕೆ ಆಗುವುದಿಲ್ಲ ಎಂದು ಸಾಧಿಸಿ ತೋರಿಸಿದವಳು. ಎಂಟನೇ ಅಂಚನ್ನು ನನ್ನ ಬಾಯಾರೆ ಹೇಳಿ, ಅದನ್ನು ಖಾಲಿ ಬಿಡೋಣ ಅಂದಿದ್ದೆ. ಮೂಲೆಯಲ್ಲಿ ಕೂತಿದ್ದಕ್ಕೆ ನಲವತ್ತು ವರ್ಷ ಸಿಟ್ಟು ಸಾಕಿದೆನಲ್ಲ, ಅಮ್ಮನಿಗೆ ಆ ಮೂಲೆಯೂ ಇರಲಿಲ್ಲ. ನಾವಿಬ್ಬರೇ ಇರುವ ದಿನಗಳಲ್ಲೂ ಅವಳು ಎಲ್ಲ ಮುಗಿದ ಮೇಲೆ ಒಲೆಯ ಕಟ್ಟೆಗೆ ಒರಗಿ ನಿಂತೇ ತಿನ್ನುತ್ತಾಳೆ. ನಾನು ಉತ್ತರಪತ್ರಿಕೆ ತಿದ್ದುತ್ತಾ ಉಣ್ಣುತ್ತೇನೆ, ತಲೆ ಎತ್ತುವುದಿಲ್ಲ. ನನಗೆ ನಾಚಿಕೆಯಾಯಿತು.

ಏಳೂ ಜನ ಒಟ್ಟಿಗೆ ಎದ್ದೆವು. "ನನ್ನ ಜಾಗದಲ್ಲಿ ಕೂತ್ಕೋ" ಅಂದಳು ದೊಡ್ಡಕ್ಕ. "ಅವಳದ್ಯಾಕೆ, ನಂದು ತಗೋ" ಅಂದ ದೊಡ್ಡಣ್ಣ. "ನಾನೇ ಮೊದಲು ಕರೆದದ್ದು" ಅಂದ ಮೊಳಕೈ ಅಣ್ಣ. ಐದು ನಿಮಿಷದ ಹಿಂದೆ ಕಿತ್ತುಕೊಳ್ಳಲು ಕಿರುಚಿದವರು ಈಗ ಬಿಟ್ಟುಕೊಡಲು ಅದೇ ಗಂಟಲಲ್ಲಿ ಕಿರುಚತೊಡಗಿದರು.

"ಕೂತ್ಕೊಳ್ಳಿ ಎಲ್ಲರೂ!" ಅಮ್ಮ ಸೌಟಿನಿಂದ ಪಾತ್ರೆಗೆ ಬಡಿದಳು. "ನೀವೆಲ್ಲ ಒಟ್ಟಿಗೆ ಕೂತಿದ್ದು ನೋಡೋಕೆ ಮೂರು ವರ್ಷ ಕಾದಿದ್ದೀನಿ. ಎರಡು ನಿಮಿಷ ಆಗಿಲ್ಲ, ಆಗಲೇ ಎದ್ದು ನಿಂತ್ರಾ?"

ಕೂತೆವು. ಕೂತವಳೇ ನಾನು ಕುರ್ಚಿಯ ಒಂದು ಪಕ್ಕಕ್ಕೆ ಸರಿದು, ಅವಳ ಮಣಿಕಟ್ಟು ಹಿಡಿದು ಎಳೆದೆ. ಅಮ್ಮ ಈಗ ಹಗುರ, ಎಳೆದರೆ ಬಂದುಬಿಟ್ಟಳು. ಒಂದು ಕುರ್ಚಿಯಲ್ಲಿ ಇಬ್ಬರು, ಅರ್ಧ ಅವಳು ಅರ್ಧ ನಾನು. ಪಾತ್ರೆಯನ್ನು ದೊಡ್ಡಕ್ಕ ಕಸಿದುಕೊಂಡಳು, ಸೌಟನ್ನು ದೊಡ್ಡಣ್ಣ ಕಸಿದುಕೊಂಡ; ಒಬ್ಬರು ಹಿಡಿದು ಇನ್ನೊಬ್ಬರು ಬಡಿಸದೆ ವಿಧಿಯಿರಲಿಲ್ಲ. ನನ್ನ ತಟ್ಟೆಗೇ ಬಡಿಸಿದರು. ಅಮ್ಮ ಸಂಕೋಚದಿಂದ ಒಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡಳು. ನಾವು ಯಾರೂ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದೆವು. ನಿಧಾನವಾಗಿ ಅಗಿದಳು. ಇನ್ನೊಂದು ತುತ್ತು ತಿಂದಳು. ಅವಳ ಹುಬ್ಬು ಗಂಟಿಕ್ಕಿತು.

"ಯಾಕಮ್ಮ, ಉಪ್ಪು ಕಮ್ಮಿನಾ?" ಎಂದು ದೊಡ್ಡಕ್ಕ ಗಾಬರಿಯಿಂದ ಕೇಳಿದಳು.

ಅಮ್ಮ ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು. ನಿಜವಾಗಿಯೂ ಕೋಪ ಬಂದಿತ್ತು ಅವಳಿಗೆ.

"ಬಿಸಿ ಇದ್ದಾಗ ನನ್ನ ಅಡುಗೆ ಇಷ್ಟು ಚೆನ್ನಾಗಿರುತ್ತೆ ಅಂತ, ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ನನಗೆ ಹೇಳಬಾರದಿತ್ತಾ?"

ಅವಳು ತಟ್ಟೆಯನ್ನು ಮುಂದಕ್ಕೆ ತಳ್ಳಿ, ಇನ್ನೊಂದು ಸೌಟು ಹಾಕಲು ಹೇಳಿದಳು.